ಮೂರು ವೃತ್ತ, ಎರಡು ಗೆರೆ

ಕೇಳಬೇಕಾದ್ದನ್ನು ಬಸ್ಸಿನಲ್ಲೇ ಬರೆದುಕೊಂಡಿದ್ದೆ,
ಸೊನ್ನೆ ರೂಪಾಯಿ ಟಿಕೆಟ್ಟಿನ ಹಿಂದೆ.
ಒಂದು, ತಲೆಯ ಹಿಂದಿನ ಬಳೆ ಎಲ್ಲಿಂದ ಬಾಗಬೇಕು.
ಎರಡು, ಎಂಜಿನ್ ಎತ್ತಿ ಇಳಿಸಲು ಜಾಗ ಬಿಟ್ಟರೆ
ಓರೆ ಪೈಪು ಎಲ್ಲಿ ಹಾಕುವುದು.
ಮೂರನೆಯದು ಬರೆದು ಹೊಡೆದುಹಾಕಿದ್ದೆ:
ನಮಗೇನೂ ಗೊತ್ತಿಲ್ಲ ಅಂತ ಮೊದಲೇ ಹೇಳುವುದಾ, ಬೇಡವಾ.

ಪೀಣ್ಯ ಎರಡನೇ ಹಂತ. ಕರೆಂಟು ಹೋಗಿತ್ತು.
ಚಿಕ್ಕಹನುಮಯ್ಯನವರು ಶೆಡ್ಡಿನ ಬಾಗಿಲಲ್ಲಿ
ಕಡ್ಲೆಕಾಯಿ ಬಿಡಿಸುತ್ತ ಕೂತಿದ್ದರು.
ಮೂವತ್ತು ವರ್ಷ ಬಸ್ಸುಗಳಿಗೆ ಮೈ ಕಟ್ಟಿದವರು,
ಈಗ ಶಾಲೆ ಗೇಟು, ಕಿಟಕಿ ಸರಳು, ಸಿಕ್ಕಿದ್ದು.

ಲ್ಯಾಪ್‌ಟಾಪ್ ತೆರೆದೆ. ನಮ್ಮ ರೇಸ್ ಗಾಡಿಯ ಎಲುಬು
ಹಸಿರು, ಹಳದಿ, ಕೆಂಪಾಗಿ ತಿರುಗಿ ನಿಂತಿತು.
ಕೆಂಪಿರುವಲ್ಲಿ ಒತ್ತಡ ಜಾಸ್ತಿ ಸಾರ್, ಅಂದೆ.
"ಮಾವಿನಹಣ್ಣಿದ್ದಂಗೈತೆ," ಅಂದರು. "ಮುಟ್ಟಕ್ಕಾಯ್ತದಾ?"
ಬ್ಯಾಟರಿ ಮುಗಿದು ಹಣ್ಣು ಆರಿತು.

ಬಾಯಲ್ಲೇ ಹೇಳತೊಡಗಿದೆ:
ಇಪ್ಪತ್ತೈದು ಮಿಲಿಮೀಟರ್ ಪೈಪು, ಎರಡೂವರೆ ದಪ್ಪ,
ತೂಕ ಮೂವತ್ತೆರಡು ಕೆಜಿ ದಾಟಬಾರದು,
ಕಾಲೇಜು ಕೊಟ್ಟಿದ್ದು ಅರ್ಧ ದುಡ್ಡು, ಉಳಿದದ್ದು ಎತ್ತುವಳಿ,
ತಿಪ್ಪೇಶನ ಮಾವನ ಬೇಕರಿಯಿಂದಲೂ.
ಗಾಡಿಯ ಮೂಗಿನ ಮೇಲೆ ಒಂದು ದಿಲ್‌ಪಸಂದ್ ಬರೆಸಬೇಕಂತೆ.

ಅವರು ಕೇಳಿಸಿಕೊಂಡರೋ ಇಲ್ಲವೋ,
ಪೊರಕೆಯಿಂದ ಕಡ್ಡಿ ಕಿತ್ತು ಮುರಿಯುತ್ತಿದ್ದರು.
ನೂಲು ಸುತ್ತಿ ಗಂಟು, ಗಂಟಿನ ಮೇಲೆ ಗಂಟು.
ಒಂದು ಉದ್ದನೆಯ ಡಬ್ಬಿಯಾಯಿತು.
"ಹಿಂಡು, ಬಟ್ಟೆ ಹಿಂಡ್ದಂಗೆ."
ಹಿಂಡಿದೆ. ಭಾನುವಾರ ಬೆಳಿಗ್ಗೆ ಏಳುವವರ ಹಾಗೆ
ಡಬ್ಬಿ ಮೈ ಮುರಿಯಿತು.
ಒಂದೊಂದು ಮುಖಕ್ಕೂ ಒಂದೊಂದು ಓರೆ ಕಡ್ಡಿ ಕಟ್ಟಿದರು. ಮತ್ತೆ ಹಿಂಡಿದೆ.
ಈ ಸಲ ನೊಂದದ್ದು ನನ್ನ ಮಣಿಕಟ್ಟು.

"ನಾಕು ಮೂಲೆ ಯಾರು ಒತ್ತಿದ್ರೂ ಹೂಂ ಅಂತದೆ ಕಣವ್ವ.
ಮೂರು ಮೂಲೆಗೆ ಆ ಬುದ್ಧಿ ಇಲ್ಲ.
ಒಲೆಗ್ಯಾಕೆ ಮೂರೇ ಕಲ್ಲು?"
ಹಾಗಾದರೆ ಎಂಜಿನ್ ಇಳಿಸೋದು?
"ಓರೆ ಬಿಚ್ಚೋ ಹಂಗೆ ಮಾಡು. ಬೋಲ್ಟು ಬರಗಾಲವಾ?"
ಎರಡು ತಿಂಗಳು, ನಾಲ್ಕು ಜನ, ಒಂದು ಸಲ ಅಳು ಕೂಡ,
ಇಷ್ಟಕ್ಕೆ.

ಆಮೇಲೆ ಅವರು ಕೇಳಿದರು, ನನ್ನ ಟಿಕೆಟ್ಟಿನಲ್ಲಿಲ್ಲದ್ದನ್ನು:
"ಒಳಗೆ ಕೂರೋದು ಯಾರು?"

ನಿಯಮದ ಪುಸ್ತಕದಲ್ಲಿ ಸವಾರನೆಂದರೆ
ಮೂರು ವೃತ್ತ, ಎರಡು ಗೆರೆ.
ಸೊಂಟ, ಹೆಗಲು, ತಲೆ.
ನಮ್ಮ ನಕ್ಷೆಯಲ್ಲೂ ಅದೇ ಕೂತಿತ್ತು ಡಿಸೆಂಬರಿನಿಂದ,
ಹಸಿವಿಲ್ಲದೆ, ದೂರಿಲ್ಲದೆ.
ರೂಹೀನಾ, ಅಂದೆ. ನನ್ನ ಕಿವಿಯಷ್ಟೆತ್ತರ.
ಸ್ಕೂಟಿಯಿಂದ ಬಿದ್ದು ಎಡಮಂಡಿ ಪೂರ್ತಿ ಮಡಚುವುದಿಲ್ಲ.
ಹೇಳುವಾಗಲೇ ಗೊತ್ತಾಯಿತು,
ಮಂಡಿಯ ಮೇಲೇ ಹಾಯುತ್ತದೆ ನಮ್ಮದೊಂದು ಪೈಪು.
"ಕರ್ಕೊಂಡ್ ಬರ್ಲಿಲ್ವಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು,
ತಾನು ಕಟ್ಟಿದ ಬಸ್ಸೊಂದು ಕುಣಿಗಲ್ ದಾರಿಯಲ್ಲಿ
ಮಗುಚಿದ್ದನ್ನು ಹೇಳಿದರು.
"ಟೇಪು ಹಿಡ್ದು ನೋಡ್ದೆ. ಛಾವಣಿ ಒಂದಿಂಚೂ ನೆಗ್ಗಿರ್ಲಿಲ್ಲ."
ಅದರಾಚೆಗೆ ಹೇಳಲಿಲ್ಲ.
ಎದ್ದು ಸಿಪ್ಪೆ ಗುಡಿಸಿದರು,
ಕಡ್ಡಿ ಕಮ್ಮಿಯಾದ ಪೊರಕೆಯಲ್ಲಿ.

ಎಷ್ಟು ಕೊಡಲಿ ಸಾರ್?
"ಒಂದು ಪೊರಕೆ ತಂದ್ಕೊಡು. ಆ ಹುಡುಗೀನೂ."

ವಾಪಸ್ ಬರುವಾಗ ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲು
ಬಿಡುವ ಲಕ್ಷಣವಿರಲಿಲ್ಲ. ತೊಡೆಯ ಮೇಲೆ ಕಡ್ಡಿಯ ಗೂಡು.
ಕಂಡಕ್ಟರು ಬಗ್ಗಿ ನೋಡಿ, "ಗಿಳಿಗಾ?" ಅಂದ.
ಗೆಳತಿಗೆ, ಅಂದೆ. ಟಿಕೆಟ್ ಹರಿದು ಕೊಟ್ಟ.
ಅದರ ಹಿಂದೆ ಬರೆದೆ:
ಒಂದು, ಪೊರಕೆ.
ಎರಡು, ರೂಹೀನಾಳ ಮಂಡಿ. ತೂಕ ಎರಡು ಕೆಜಿ ಏರುತ್ತದೆ, ಏರಲಿ.
ಮೂರು
ಅನ್ನುವಷ್ಟರಲ್ಲಿ ಬಸ್ಸು ಹೊರಟಿತು.
ಗೂಡಿನ ಎರಡೂ ತುದಿ ಹಿಡಿದು ಹಿಂಡಿ ನೋಡಿದೆ.
ಎಲ್ಲೋ ಒಂದು ಗಂಟು ಕಿರುಗುಟ್ಟಿತು.